ಒಳ್ಳೇದನ್ನ ಮಾತ್ರ

ಕುಂದ್ರಿ, ಕುಂದ್ರಿ. ಆ ಪ್ಯಾಂಟಿನ ಗಂಟು ಅತ್ಲಾಗ ಸರಿಸಿ ಕುಂದ್ರಿ.
ನೀಲಿ ಹತ್ತತೈತಿ ಮತ್ತ, ನಿಮ್ಮದು ಬಿಳೇ ಧೋತರ.
ಕೌಲ್ ಬಜಾರದಾಗ ಯಾರನ್ನ ಕೇಳಿದ್ರೂ ಇಲ್ಲಿಗೇ ಕಳಸ್ತಾರ:
ಏಕೋಜಿ ಮಾಸ್ತರನ್ನ ಕೇಳ್ರಿ, ಇದ್ದದ್ದು ಇದ್ದಂಗ ಹೇಳ್ತಾನ.
ಹೆಣ್ಣಿನ ವಿಚಾರ, ಹೌದಲ್ಲ?
ಉಜ್ವಲಾಂದು.
ಒಬ್ಬರ ಬಗ್ಗೆ ಕೆಟ್ಟದ್ದಾಡಿದ ನಾಲಿಗಿ ಅಲ್ಲ ಇದು.

ಬಂಗಾರದಂಥ ಹುಡುಗಿ.
ಹದಿನೇಳಕ್ಕ ಬಂದ್ಲು, ಸೂಜಿಗೆ ದಾರ ಪೋಣಿಸಾಕ ಬರ್ತಿರಲಿಲ್ಲ.
ಹಿಂದಿನ ಜೇಬು, ಕಾಜಾ, ಜೋಡಿ ಹೊಲಿಗಿ,
ಎಲ್ಲಾ ನಾನೇ ಕೈ ಹಿಡಿದು ಕಲಿಸಿದ್ದು.
ಕೈ ಹಿಡಿದು ಅಂದ್ರ ಮಷೀನಿನ ಮ್ಯಾಲ ರೀ,
ಹಂಗ್ಯಾಕ ನೋಡ್ತೀರಿ.

ಒಂದಿನ ಸೂಜಿ ಬೆರಳಾಗ ಹೊಕ್ತು.
ಆಕಿ ಅಳಲಿಲ್ಲ. ಹೆದರಿದಾಂವ ನಾನು.
ನೂರಾ ಇಪ್ಪತ್ತು ಪೀಸು ಮರುದಿನ ಸೊಲ್ಲಾಪುರಕ್ಕ ಹೋಗೋದಿತ್ತು.
ಪುಣ್ಯಾ, ಕಡುನೀಲಿ ಬಟ್ಟಿ. ರಕ್ತ ಕಾಣಲಿಲ್ಲ.
ಅರಿಷಿಣ ತರಿಸಿದೆ, ನನ್ನ ರೊಕ್ಕದಾಗ.
ಅದನ್ನ ಯಾರೂ ಹೇಳಂಗಿಲ್ಲ.

ಮಧ್ಯಾಹ್ನ ಎರಡು ರೊಟ್ಟಿ ತರ್ತಿದ್ಲು, ಮ್ಯಾಲ ಶೇಂಗಾ ಚಟ್ನಿ.
ಒಂದು ನನ್ನ ಸಲುವಾಗಿ.
ಬಾಯಿಬಿಟ್ಟು ಅಂದಿಲ್ಲ. ಹೆಣ್ಣುಮಕ್ಕಳು ಅನ್ನಂಗಿಲ್ಲ, ನಾವು ತಿಳಕೋಬೇಕು.
ಆಕಿ ಕೈ ತೊಳಿಯಾಕ ಹೋದಾಗ ನಾನೇ ತಕ್ಕೋತಿದ್ದೆ.
ಆಮ್ಯಾಲಾಮ್ಯಾಲ ಒಂದೇ ತರಾಕ ಹತ್ತಿದ್ಲು.
ಹಸಿವಿ ಕಮ್ಮಿ ಇರಬೇಕು. ಆರೋಗ್ಯ ಅಷ್ಟಕ್ಕಷ್ಟ.
ನೀವು ಕೇಳಿದ್ರಂತ ಹೇಳಿದೆ.

ಪಗಾರ? ಹನ್ನೊಂದು ತಿಂಗಳದ್ದು ನನ್ನ ಹತ್ರಾನ ಐತಿ, ಭದ್ರ.
ವಯಸ್ಸಿನ ಹುಡುಗಿ ಕೈಯಾಗ ಅಷ್ಟು ರೊಕ್ಕ ಕೊಡಬಾರದು.
ಒಂದೆರಡು ಸಲ ಕೇಳಿದ್ಲು. ನಾಕು ಸಲ.
ಕೇಳೋ ಗುಣ ಒಂದೈತಿ,
ಅದು ಬಿಟ್ರ ಬಂಗಾರ.

ಅಲ್ಲಿ ನೋಡ್ರಿ, ಎದುರಿಗೆ, ಹಳದಿ ಬಾಗಿಲ.
ಆಕಿದೇ ಅಂಗಡಿ ಈಗ. ನಾಕು ಮಷೀನು, ಮೂರು ಮಂದಿ ಹುಡುಗ್ಯಾರು,
ಶನಿವಾರಕ್ಕೊಮ್ಮೆ ಪಗಾರಂತ! ಎಷ್ಟು ದಿನ ನಡೀತೈತಿ ನೋಡೂಣು.
ಹೊಟ್ಟಿಕಿಚ್ಚು ನನಗಿಲ್ಲ.
ದೀಪ ಹತ್ತೂ ಇಪ್ಪತ್ತಕ್ಕ ಆರತೈತಿ. ನಿನ್ನೆ ಹನ್ನೊಂದಾತು.
ನಾ ಏನು ನೋಡಾಕ ಕುಂದ್ರಂಗಿಲ್ಲ,
ಕುರ್ಚಿ ಆ ಕಡೆ ಮುಖ ಮಾಡೈತಿ, ಅಷ್ಟ.
ಹನ್ನೊಂದರ ತನಕ ಏನು ಕೆಲಸ ಅಂತ ಮಂದಿ ಕೇಳ್ತಾರ.
ಸುಮ್ಮನ ಕೇಳಂಗಿಲ್ಲ,
ನಾ ಹೇಳಿದ ಮ್ಯಾಲ ಕೇಳ್ತಾರ.

ನಿಮ್ಮಕಿಂತ ಮೊದಲು ಹೊಸಪೇಟಿಯವರು ಬಂದಿದ್ರು,
ಅದಕೂ ಮೊದಲು ಸಿರುಗುಪ್ಪದವರು.
ಇಲ್ಲೇ ಕುಂತಿದ್ರು. ಇದೇ ಮಾತು ಹೇಳಿದೆ, ಒಂದಕ್ಷರ ಹೆಚ್ಚಿಲ್ಲ.
ಚಾ ಅರ್ಧಕ್ಕ ಬಿಟ್ಟು ಎದ್ರು.
ಋಣಾನುಬಂಧ ಇರಲಿಲ್ಲ, ಪಾಪ.
ಅವತ್ತು ಆಕಿ ಬಂದು ಈ ಬಾಗಿಲದಾಗ ನಿಂತ್ಲು.
ಏನೂ ಅನಲಿಲ್ಲ.
ಮೊಳಿಗೆ ತೂಗು ಹಾಕಿದ್ದ ಕತ್ತರಿ ತಗೊಂಡು ಹೋದ್ಲು.
ಆಕಿದೇ ಕತ್ತರಿ, ಅವರಪ್ಪ ಕೊಡಿಸಿದ್ದು.
ಇಷ್ಟು ವರ್ಷ ನಂದು ಅಂದ್ಕೊಂಡಿದ್ದೆ ನೋಡ್ರಿ.

ಲಗ್ನ ಆಗಲಿ, ನನಗೇನು.
ನನಗೂ ಹೆಂಡ್ತಿ ಅದಾಳ. ತವರಿಗಂತ ಆದೋನಿಗೆ ಹೋಗಿ
ಒಂಬತ್ತು ವರ್ಷಾತು. ಬರ್ತಾಳ.
ಹುಡುಗನ ಸೊಂಟ ಎಷ್ಟು? ಮೂವತ್ತೆರಡು?
ಮದುವಿ ಪ್ಯಾಂಟು ನಾನೇ ಹೊಲಿತೀನಿ, ಕೂಲಿ ಬ್ಯಾಡ,
ಆಕಿಗೆ ಮಾತ್ರ ಹೇಳ್ರಿ, ಇದು ಮಾಸ್ತರ್ ಹೊಲದದ್ದು ಅಂತ.

ಎದ್ರೇನು? ಚಾ ಬರಾಕತ್ತೈತಿ.
ಲೇ ಸಾಬಣ್ಣ, ಎರಡು ಕಪ್ಪು ಅಂದಿದ್ನಲ್ಲೋ!
ಇರ್ರಿ ಸ್ವಲ್ಪ, ಇನ್ನೂ ಒಳ್ಳೇದು ಹೇಳೋದೈತಿ...

ಅಲ್ರೀ, ಆ ಕಡೆ ಯಾಕ ಹೊಂಟ್ರಿ?
ಬಸ್‌ಸ್ಟ್ಯಾಂಡ್ ಈ ಕಡೆ ರೀ, ಈ ಕಡೆ!
ಪರಊರಿನವರು ಪಾಪ. ದಾರಿ ತಪ್ಯಾರ.
ಸಾಬಣ್ಣ, ಓಡಿ ಹೋಗಿ ಹೇಳೋ,
ಅದು ಬರೇ ಹಳದಿ ಬಾಗಿಲ,
ಅಲ್ಲಿಂದ ಎಲ್ಲಿಗೂ ದಾರಿಲ್ಲಂತ.